ದ್ವೀಪದ ಗಂಟೆ ಮತ್ತು ನಿದಾನಶಲ್ಯ

‘ತೀರ್ಥ’ ಎಂಬ ಶಬ್ದದ ಮೂಲಾರ್ಥ ನೀರನ್ನು ದಾಟುವ ಎಡೆ. ಸಂಸಾರವೆಂಬ ಜಲರಾಶಿಯನ್ನು ದಾಟುವ ದಾರಿಯನ್ನು ತೋರಿಕೊಟ್ಟವರಾದ್ದರಿಂದ ಜಿನರು ತೀರ್ಥಂಕರರೆನಿಸಿದರು. ಈ ಅರ್ಥವನ್ನು ಕಣ್ಣಿಗೆ ಕಾಣುವಂತೆ ನಿಲ್ಲಿಸಿದ ಕ್ಷೇತ್ರಗಳೂ ಜೈನ ಪರಂಪರೆಯಲ್ಲಿವೆ. ಭಗವಾನ್ ಮಹಾವೀರರ ನಿರ್ವಾಣಭೂಮಿಯಾದ ಪಾವಾಪುರಿಯ ಜಲಮಂದಿರವು ತಾವರೆಗೊಳದ ನಡುವೆ ಇದೆ, ಅಲ್ಲಿಗೆ ಸೇತುವೆಯುಂಟು. ಉಡುಪಿ ಜಿಲ್ಲೆಯ ವರಂಗದ ಕೆರೆಬಸದಿಗೆ ಅದೂ ಇಲ್ಲ. ನಾಲ್ಕು ದಿಕ್ಕಿಗೂ ಮುಖಮಾಡಿದ ಆ ಬಸದಿಯ ದರ್ಶನಕ್ಕೆ ದೋಣಿಯಲ್ಲಿಯೇ ಹೋಗಬೇಕು. ದಡದಲ್ಲಿ ನಿಂತು ಸರದಿಗಾಗಿ ಕಾಯುವ ಹೊತ್ತಿನಲ್ಲಿಯೇ ಯಾತ್ರಿಕನ ಮನಸ್ಸು ಒಂದಿಷ್ಟು ಹಗುರವಾಗುತ್ತದೆ.

ಇಂತಹುದೇ ಒಂದು ನೀರು ಯುರೋಪಿನಲ್ಲಿಯೂ ಇದೆ. ಸ್ಲೊವೇನಿಯಾ ದೇಶದ ಬ್ಲೆಡ್ ಪಟ್ಟಣವು ಆಲ್ಪ್ಸ್ ಪರ್ವತಶ್ರೇಣಿಯ ಪೂರ್ವಭಾಗವಾದ ಜೂಲಿಯನ್ ಆಲ್ಪ್ಸ್‌ನ ಮಡಿಲಲ್ಲಿ, ಸುಮಾರು ಎರಡು ಕಿಲೋಮೀಟರ್ ಉದ್ದದ ಸರೋವರವೊಂದರ ದಡದಲ್ಲಿದೆ. 1004ರಲ್ಲಿ ಜರ್ಮನ್ ಅರಸನಾದ ಎರಡನೆಯ ಹೆನ್ರಿಯು ಈ ಪ್ರದೇಶವನ್ನು ಬ್ರಿಕ್ಸೆನ್ನಿನ ಧರ್ಮಾಧ್ಯಕ್ಷನಾದ ಆಲ್ಬುಯಿನನಿಗೆ ದಾನವಿತ್ತನು. ಬಂಡೆಯ ಮೇಲಿನ ಕೋಟೆಯ ಹೆಸರು 1011ರ ದಾಖಲೆಯಲ್ಲಿ ದೊರೆಯುತ್ತದೆ. ಬಹುಕಾಲ ಇಲ್ಲಿಗೆ ಬರುತ್ತಿದ್ದವರು ದ್ವೀಪದಲ್ಲಿರುವ ಮೇರಿ ಮಾತೆಯ ಇಗರ್ಜಿಯ ಯಾತ್ರಿಕರು. ಸ್ವಿಟ್ಜರ್ಲೆಂಡಿನ ಆರ್ನಾಲ್ಡ್ ರಿಕ್ಲಿ 1855ರಲ್ಲಿ ಇಲ್ಲಿ ಪ್ರಕೃತಿ ಚಿಕಿತ್ಸಾಲಯವನ್ನು ತೆರೆದ ಮೇಲೆ ಬಿಸಿಲು, ಗಾಳಿ, ನೀರುಗಳಿಂದ ದೇಹವನ್ನು ಗುಣಪಡಿಸಿಕೊಳ್ಳುವವರು ಬರತೊಡಗಿದರು. 1870ರಲ್ಲಿ ಸಮೀಪದ ಲೆಸ್ತ್ಸೆಗೆ ರೈಲು ಬಂದಿತು, ಹೋಟೆಲುಗಳೆದ್ದವು. ಹೀಗೆ ಯಾತ್ರಾಸ್ಥಳವೊಂದು ವಿಹಾರಧಾಮವೂ ಆಯಿತು.

ಕೆಲವು ವರ್ಷಗಳ ಹಿಂದೆ ಬ್ಲೆಡ್‌ಗೆ ಬಂದ ಪ್ರವಾಸಿಗಳಲ್ಲಿ ತುಮಕೂರು ಸಮೀಪದ ಬೆಳ್ಳಾವಿಯ ಹಿರಿಯ ಶ್ರಾವಕರೊಬ್ಬರಿದ್ದರು. ಬೆಳ್ಳಾವಿಯೆಂದರೆ, 1918ರಲ್ಲಿ ಕನ್ನಡದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಾಯಣಪ್ಪನವರ ಹೆಸರಿನೊಡನೆ ಬೆರೆತ ಊರು. ಶಾಲಾ ಉಪಾಧ್ಯಾಯರಾಗಿ ನಿವೃತ್ತರಾದ ಆ ಹಿರಿಯರು ಮ್ಯೂನಿಕ್ಕಿನಲ್ಲಿದ್ದ ಮಗನ ಮನೆಗೆ ಹೋಗಿದ್ದಾಗ ಮನೆಯವರು ಅವರನ್ನು ಕಾರಿನಲ್ಲಿ ಅಲ್ಲಿಗೆ ಕರೆದೊಯ್ದರು. ಅವರ ಪತ್ನಿ ತೀರಿಕೊಂಡು ಆಗ ಎರಡು ವರ್ಷ. ದಂಪತಿಗಳು ಮಂದಾರಗಿರಿಗೆ ಹಲವು ಬಾರಿ ಹೋಗಿದ್ದರು. ಬೆಟ್ಟದ ಬಸದಿಗಳ ದರ್ಶನ ಮುಗಿಸಿ ಮೈದಾಳದ ಕೆರೆಯನ್ನು ನೋಡುತ್ತಾ ಕುಳಿತಾಗಲೆಲ್ಲ ಆಕೆ ವರಂಗದ ಮಾತೆತ್ತುತ್ತಿದ್ದರು. ದೋಣಿಯಲ್ಲಿ ಹೋಗಿ ಪದ್ಮಾವತಿ ಅಮ್ಮನವರಿಗೆ ಅರಿಶಿನ ಕುಂಕುಮ ಅರ್ಪಿಸಬೇಕೆಂಬುದು ಅವರ ಆಸೆ. ಅದು ಕೈಗೂಡಿರಲಿಲ್ಲ.

ಬ್ಲೆಡ್‌ನ ದೋಣಿಗೆ ಪ್ಲೆತ್ನಾ ಎಂದು ಹೆಸರು. ಚಪ್ಪಟೆ ತಳ, ಮೇಲೆ ಬಣ್ಣದ ಬಟ್ಟೆಯ ಚಾವಣಿ. ಅಂಬಿಗನು ಹಿಂಬದಿಯಲ್ಲಿ ನಿಂತುಕೊಂಡೇ ಎರಡು ಹುಟ್ಟುಗಳನ್ನು ಹಾಕುತ್ತಾನೆ. ಸರೋವರದಲ್ಲಿ ಮೋಟಾರು ದೋಣಿಗಳ ವಿಹಾರಕ್ಕೆ ಅವಕಾಶವಿಲ್ಲದ್ದರಿಂದ ಹುಟ್ಟಿನ ಸದ್ದಲ್ಲದೆ ಬೇರೆ ಸದ್ದಿಲ್ಲ. ದ್ವೀಪದಲ್ಲಿಳಿದರೆ ಇಗರ್ಜಿಗೆ 99 ಮೆಟ್ಟಿಲು. ಹಿರಿಯರು ಮೊಮ್ಮಗಳ ಕೈಹಿಡಿದು ನಿಧಾನವಾಗಿ ಹತ್ತಿದರು. ಒಳಗೆ ಗಂಟೆಯ ಹಗ್ಗ ಇಳಿಬಿದ್ದಿತ್ತು. ಅದನ್ನೆಳೆದು ಗಂಟೆ ಬಾರಿಸಿದವರ ಕೋರಿಕೆ ಈಡೇರುವುದೆಂಬ ನಂಬಿಕೆಯಿಂದ ಜನರು ಸಾಲುಗಟ್ಟಿದ್ದರು.

ಆ ಗಂಟೆಗೊಂದು ಐತಿಹ್ಯವಿದೆ. ಕೋಟೆಯಲ್ಲಿದ್ದ ಪೊಲಿಕ್ಸೇನಾ ಎಂಬವಳ ಗಂಡನನ್ನು ದರೋಡೆಕೋರರು ಕೊಂದು ಸರೋವರಕ್ಕೆಸೆದರು. ಅವಳು ತನ್ನ ಬೆಳ್ಳಿಬಂಗಾರವನ್ನೆಲ್ಲ ಕರಗಿಸಿ ದ್ವೀಪದ ಗುಡಿಗೆಂದು ಗಂಟೆ ಎರಕ ಹೊಯ್ಯಿಸಿದಳು. ಬಿರುಗಾಳಿಗೆ ದೋಣಿ ಮಗುಚಿ ಗಂಟೆ ನೀರುಪಾಲಾಯಿತು. ಅವಳು ಇದ್ದುದೆಲ್ಲವನ್ನೂ ಮಾರಿ ಇಗರ್ಜಿಗೆ ಕೊಟ್ಟು, ರೋಮಿಗೆ ಹೋಗಿ ಸಂನ್ಯಾಸಿನಿಯಾದಳು. ಅವಳ ಮರಣಾನಂತರ ಪೋಪರು ಬೇರೊಂದು ಗಂಟೆಯನ್ನು ಕಳುಹಿಸಿದರಂತೆ. ಈಗಿರುವ ಗಂಟೆ 1534ರಲ್ಲಿ ಪಡುವಾದ ಎರಕದವನೊಬ್ಬನು ಮಾಡಿದ್ದು.

ಈ ಕಥೆಯನ್ನು ಮಗನಿಂದ ಕೇಳಿದ ಹಿರಿಯರಿಗೆ ಅದರ ವೈಪರೀತ್ಯ ಕೂಡಲೇ ಹೊಳೆಯಿತು. ಎಲ್ಲವನ್ನೂ ಕೊಟ್ಟು ಹೊರಟುಹೋದವಳ ನೆನಪಿನ ಗಂಟೆಯನ್ನು ಏನನ್ನಾದರೂ ಪಡೆಯಲೆಂದು ಬಾರಿಸಲಾಗುತ್ತಿದೆ! ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳನ್ನು ಜೈನಾಚಾರ್ಯರು ಹೇಳುತ್ತಾರೆ. ಶಲ್ಯವೆಂದರೆ ಮೈಯಲ್ಲಿ ಮುರಿದು ಉಳಿದ ಮುಳ್ಳು. ಧರ್ಮಾಚರಣೆಗೆ ಪ್ರತಿಯಾಗಿ ಇಂತಹ ಭೋಗ ತನಗೆ ದೊರೆಯಲಿ ಎಂದು ಬಯಸುವುದೇ ನಿದಾನ. ಶಲ್ಯವನ್ನು ಕಳೆದುಕೊಂಡವನೇ ವ್ರತಿಯೆಂಬುದು ತತ್ತ್ವಾರ್ಥಸೂತ್ರದ ನಿಲುವು. ವೀತರಾಗನಾದ ಜಿನನು ಒಲಿದು ಕೊಡುವವನಲ್ಲ, ಮುನಿದು ಕಸಿಯುವವನೂ ಅಲ್ಲ. ಅವನ ಮುಂದೆ ನಿಂತವನು ಬೇಡುವುದಾದರೂ ಏನನ್ನು?

“ಮಾವ, ನೀವೂ ಒಂದು ಸಲ ಎಳೀರಿ” ಎಂದು ಸೊಸೆ ಹೇಳಿದಾಗ ಅವರು ಬೇಡವೆಂದು ಕೈಯಾಡಿಸಿದರು. ಆದರೆ ಮೊಮ್ಮಗಳ ಬಲಕ್ಕೆ ಹಗ್ಗ ಜಗ್ಗಲಿಲ್ಲ. ಅವಳ ಕೈಯ ಮೇಲೆ ತಮ್ಮ ಕೈಯಿಟ್ಟು ಎಳೆದರು, ಗಂಟೆ ಮೊಳಗಿತು. “ತಾತ, ಏನು ಕೇಳ್ಕೊಂಡ್ರಿ?” ಎಂದಳು ಮಗು.

“ಏನೂ ಕೇಳ್ಲಿಲ್ಲಮ್ಮ. ನಿಮ್ಮಜ್ಜಿ ಹೆಸರು ಹೇಳ್ದೆ.”

ಇದೂ ರಾಗವೇ ಎಂದು ಶಾಸ್ತ್ರವು ಹೇಳೀತು. ಹೇಳಿದರೆ ತಪ್ಪೂ ಅಲ್ಲ. ಆದರೆ ಗೃಹಸ್ಥನ ದಾರಿ ಮೆಟ್ಟಿಲು ಮೆಟ್ಟಿಲಾಗಿರುವುದು. ಬೇಡಿಕೆಯನ್ನು ಬಿಟ್ಟು ಸ್ಮರಣೆಯಲ್ಲಿ ನಿಂತವನು ಒಂದು ಮೆಟ್ಟಿಲನ್ನಾದರೂ ಏರಿದ್ದಾನೆ.

ಬೇಡುವವರ ಭಾರವನ್ನು ಬ್ಲೆಡ್‌ನ ನೀರೂ ಹೊರಬೇಕಾಯಿತು. ವಿಹಾರಾರ್ಥಿಗಳು ಹೆಚ್ಚಿದಂತೆ ವಸತಿಗಳ ಕೊಳೆ ಸರೋವರವನ್ನು ಸೇರಿ, ಇಪ್ಪತ್ತನೆಯ ಶತಮಾನದಲ್ಲಿ ಪಾಚಿ ಬಲಿತಿತು. ಸಹಜವಾಗಿ ಹರಿದುಬರುವ ನೀರು ಸ್ವಲ್ಪವಾದ್ದರಿಂದ ಸರೋವರವು ತನ್ನನ್ನು ತಾನು ತೊಳೆದುಕೊಳ್ಳಲಾರದು. 1964ರಲ್ಲಿ ರಾದೊವ್ನಾ ಹೊಳೆಯ ನೀರನ್ನು ಅದಕ್ಕೆ ತಿರುಗಿಸಿದರು. ಅನಂತರ ಕೊಳವೆಗಳ ಮೂಲಕ ತಳದ ಕೆಟ್ಟ ನೀರನ್ನು ಹೊರಗೆ ಹರಿಯಿಸಿದರು; ಚರಂಡಿಯನ್ನು ಸರಿಪಡಿಸಿದರು. ಇಂದಿನ ತಿಳಿನೀರು ಆ ಶ್ರಮದ ಫಲ.

ವರಂಗಕ್ಕೂ ಮಂದಾರಗಿರಿಗೂ ಈಗ ಪ್ರವಾಸಿಗಳು ಹೆಚ್ಚುತ್ತಿದ್ದಾರೆ. ಬರುವುದು ತಪ್ಪಲ್ಲ, ಚಿತ್ರ ತೆಗೆಯಲೆಂದು ಬಂದವನಲ್ಲಿಯೂ ಭಕ್ತಿ ಚಿಗುರಬಹುದು. ಆದರೆ ಕೆರೆಯ ನೀರು ಕೇವಲ ಬಸದಿಯ ಚೆಲುವಿಗೆ ಹಿನ್ನೆಲೆಯಲ್ಲ. ವರಂಗದಲ್ಲಿ ಆ ನೀರೇ ತೀರ್ಥ, ದಾಟಬೇಕಾದ ಎಡೆ. ಜಲದಲ್ಲಿ ಜೀವವನ್ನು ಕಾಣುವ ಧರ್ಮದವರಿಗೆ ಕೆರೆಯನ್ನು ಕೆಡಿಸದಿರುವುದು ಅಹಿಂಸೆಯ ಮೊದಲ ಪಾಠಗಳಲ್ಲೊಂದು. ಅಲ್ಲಿ ದೋಣಿ ಹತ್ತುವವರು ಎಲೆ, ಹೂವು, ಪ್ಲಾಸ್ಟಿಕ್ಕುಗಳನ್ನು ನೀರಿಗೆ ಬಿಡದೆ ಮರಳಿದರೆ, ಆ ದಿನದ ಪೂಜೆಯಲ್ಲಿ ಅದೂ ಒಂದು ಅರ್ಘ್ಯ.