ಮದುವೆಯ ದಿನಕ್ಕೆ ಎಷ್ಟು ಚಿತ್ರ?

ಮದುವೆ ನಿಶ್ಚಯವಾದ ಮನೆಯಲ್ಲಿ ಹಿಂದೆಲ್ಲ ಮೊದಲು ಹುಟ್ಟುತ್ತಿದ್ದ ಪ್ರಶ್ನೆ, ಊಟಕ್ಕೆ ಎಷ್ಟು ಎಲೆ ಎಂಬುದು. ಈಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಛಾಯಾಗ್ರಾಹಕನನ್ನು ಎಷ್ಟು ಹೊತ್ತಿಗೆ ಗೊತ್ತುಮಾಡುವುದು? ಅರ್ಧ ದಿನವೆ, ಇಡೀ ದಿನವೆ, ಹಿಂದಿನ ಸಂಜೆಯ ಮದರಂಗಿಯೂ ಸೇರಿ ಎರಡು ದಿನವೆ? ಮದುವೆಗೆ ಮೊದಲೇ ವಧೂವರರನ್ನು ಬೇಕಲ ಕೋಟೆಗೆ ಕರೆದೊಯ್ದು ತೆಗೆಯುವ ಚಿತ್ರಗಳ ಮಾತು ಬೇರೆ. ನನ್ನ ತಂಗಿಯ ಮದುವೆಯ ಸಿದ್ಧತೆಯಲ್ಲಿ ಈ ಲೆಕ್ಕವನ್ನು ಮನೆಯವರು ನನಗೊಪ್ಪಿಸಿದರು. ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು ಇದನ್ನೂ ಬಿಡಿಸಲಿ ಎಂದು ಅವರ ಎಣಿಕೆ.

ಫಿಲ್ಮಿನ ಕಾಲದಲ್ಲಿ ಇದಕ್ಕೆ ಉತ್ತರವನ್ನು ಕ್ಯಾಮರಾವೇ ಹೇಳುತ್ತಿತ್ತು. ೧೨೦ರ ಸುರುಳಿಯಲ್ಲಿ ಚೌಕಾಕಾರದ ಚಿತ್ರಗಳು ಹನ್ನೆರಡು. ೩೫ ಮಿಲಿಮೀಟರಿನ ಸುರುಳಿಯಲ್ಲಿ ಮೂವತ್ತಾರು. ಬೇಡದ ಒಂದನ್ನು ತೆಗೆದರೆ ಬೇಕಾದ ಒಂದಕ್ಕೆ ಸ್ಥಳವಿಲ್ಲ. ಆದುದರಿಂದ ಯಾವುದು ಮುಖ್ಯವೆಂಬ ವಿಚಾರ ಮೊದಲೇ ಆಗಬೇಕಾಗಿತ್ತು. ಇಂದಿನ ಕ್ಯಾಮರಾಕ್ಕೆ ಆ ಕಟ್ಟಿಲ್ಲ. ಸಾವಿರ ಚಿತ್ರ ತೆಗೆದರೂ ಅದು ಸಾಕೆನ್ನದು. ಸಾಕೆನ್ನುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ಮೊದಲು ವೇದಿಕೆಯ ಸಾಲನ್ನು ನೋಡೋಣ. ಐದನೆಯ ತರಗತಿಯ ಮಕ್ಕಳೂ ಬಿಡಿಸಬಲ್ಲ ಲೆಕ್ಕವಿದು. ಐನೂರು ಮಂದಿ ಅತಿಥಿಗಳು ನಾಲ್ವರು ನಾಲ್ವರಾಗಿ ಏರಿಬಂದರೆ ೧೨೫ ಗುಂಪುಗಳು. ಗುಂಪೊಂದಕ್ಕೆ ೪೦ ಸೆಕೆಂಡು ಹಿಡಿದರೂ ೫,೦೦೦ ಸೆಕೆಂಡು. ಅಂದರೆ ಒಂದು ಗಂಟೆ ಇಪ್ಪತ್ತಮೂರು ನಿಮಿಷದ ಮೇಲೆ. ಬೆಳಗಿನಿಂದ ಸರಿಯಾಗಿ ಉಣ್ಣದ ವಧೂವರರು ಅಷ್ಟು ಹೊತ್ತೂ ನಗುತ್ತ ನಿಲ್ಲಬೇಕು. ಆ ೧೨೫ ಚಿತ್ರಗಳಲ್ಲಿಯೂ ಅವರ ನಿಲುವು ಒಂದೇ, ನಗೆಯೂ ಒಂದೇ.

ಧಾರೆಯ ಲೆಕ್ಕ ಬೇರೆ. ಹೆತ್ತವರು ಮಗಳ ಕೈಯನ್ನು ವರನ ಕೈಯಲ್ಲಿರಿಸಿ ನೀರೆರೆಯುವುದು ಕೆಲವೇ ಕ್ಷಣಗಳ ಕೆಲಸ. ಮದುವೆಯ ಸಾರವೆಲ್ಲ ಅಲ್ಲಿದೆ. ನಮ್ಮ ಕಾಸರಗೋಡಿನ ಛಾಯಾಗ್ರಾಹಕರಲ್ಲಿ ಮಲಯಾಳ ಮನೆಮಾತಿನವರೂ ಉಂಟು. ತಾಳಿ ಕಟ್ಟುವ ಹೊತ್ತನ್ನು ಅವರಿಗೆ ಯಾರೂ ಹೇಳಬೇಕಾಗಿಲ್ಲ. ಧಾರೆಯ ಬೆಲೆ ಮಾತ್ರ ಎಲ್ಲರಿಗೂ ತಿಳಿದಿರಬೇಕೆಂದಿಲ್ಲ. ಅದು ಅವರ ಕೊರತೆಯಲ್ಲ, ಪದ್ಧತಿಯ ಭೇದ. ಇಡೀ ದಿನಕ್ಕೆ ಹಣ ತೆತ್ತು ಆ ಕ್ಷಣವನ್ನು ಕಳೆದುಕೊಳ್ಳುವುದಕ್ಕಿಂತ, ಕೆಲವು ಗಂಟೆಗಳಿಗೆ ಗೊತ್ತುಮಾಡಿ ಕ್ರಿಯೆಗಳ ಕ್ರಮವನ್ನು ಬರೆದುಕೊಡುವುದು ಮೇಲು.

ಇದಿಷ್ಟು ಹೊತ್ತಿನ ವಿಚಾರ. ಹೊತ್ತಿಗಿಂತ ದೊಡ್ಡದೊಂದು ಇದೆ. ನಮ್ಮ ಮನೆಯ ಗೋಡೆಯಲ್ಲಿ ಅಜ್ಜ ಅಜ್ಜಿಯರ ಮದುವೆಯ ಚಿತ್ರ ಒಂದಿದೆ, ಇರುವುದೂ ಅದೊಂದೇ. ಅದರಲ್ಲಿ ಹದಿನೇಳು ಮಂದಿ ಇದ್ದಾರೆ. ಅಜ್ಜಿಯನ್ನು ಹೆತ್ತ ತಾಯಿ ಇಲ್ಲ. ಆಕೆ ವಿಧವೆ, ಮಂಗಲಕಾರ್ಯದಲ್ಲಿ ಎದುರು ಬರಕೂಡದೆಂದು ಒಳಗೇ ಉಳಿಸಿದ್ದರಂತೆ. ಆಕೆಯ ಬೇರೆ ಚಿತ್ರವೂ ಇಲ್ಲ. ಆ ಮುಖ ಹೇಗಿತ್ತೆಂದು ಹೇಳಬಲ್ಲವಳಾಗಿದ್ದ ಅಜ್ಜಿಯೂ ಈಗಿಲ್ಲ. ಚಿತ್ರಗಳು ಕಡಮೆಯಾದುದು ಇದಕ್ಕೆ ಕಾರಣವಲ್ಲ. ಅಂದು ಸಾವಿರ ಚಿತ್ರ ತೆಗೆದಿದ್ದರೂ ಆಕೆ ಒಳಗೇ ಇರುತ್ತಿದ್ದಳು.

ಆದುದರಿಂದ ನಾನು ನಿಶ್ಚಯಿಸಿದ್ದು ಹೀಗೆ. ಮುಹೂರ್ತ ಹನ್ನೊಂದು ನಾಲ್ವತ್ತಕ್ಕೆ. ಛಾಯಾಗ್ರಾಹಕ ಒಂಬತ್ತಕ್ಕೆ ಬರುವುದು, ಎರಡಕ್ಕೆ ಹೋಗುವುದು. ಒಟ್ಟು ಐದು ಗಂಟೆ. ಮೊದಲ ಅರ್ಧ ಗಂಟೆ, ದಿಬ್ಬಣ ಬರುವುದಕ್ಕೆ ಮುಂಚೆ, ಮನೆಯ ಹಿರಿಯರಿಗೆ ಮೀಸಲು. ಧಾರೆಯ ಹೊತ್ತಿಗೆ ಆತ ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ತೋರಿಸುವುದು, ಸಭೆಗೆ ಅಡ್ಡವಾಗಕೂಡದು. ವೇದಿಕೆಯ ಸಾಲಿಗೆ ಅರ್ಧ ಗಂಟೆ ಸಾಕು. ಉಳಿದ ಅತಿಥಿಗಳ ಚಿತ್ರಗಳನ್ನು ಊಟದ ಪಂಕ್ತಿಯಲ್ಲಿ, ಕುಳಿತಲ್ಲೇ ತೆಗೆಯಬಹುದು. ಕೊನೆಗೆ ಅರುವತ್ತು ಚಿತ್ರಗಳನ್ನು ಕಾಗದಕ್ಕಿಳಿಸಿ, ಒಂದೊಂದರ ಹಿಂದೆಯೂ ಹೆಸರು, ಊರು, ದಿನಾಂಕಗಳನ್ನು ಕನ್ನಡದಲ್ಲಿ ಬರೆದಿಡುವುದು. ಹೆಸರಿಲ್ಲದ ಚಿತ್ರ ಎರಡು ತಲೆಮಾರು ಕಳೆದರೆ ಅಪರಿಚಿತರ ಚಿತ್ರ.

ತಂಗಿ ಪಟ್ಟಿಯನ್ನು ಓದಿದಳು. ಹೊತ್ತಿನ ವಿಷಯದಲ್ಲಿ ಅವಳಿಗೆ ತಕರಾರಿರಲಿಲ್ಲ. ಹಿರಿಯರ ಸಾಲಿನ ಮೊದಲ ಹೆಸರಿನ ಮೇಲೆ ಬೆರಳಿಟ್ಟು, “ಅಣ್ಣಾ, ಅತ್ತೆ ಬಂದು ನಿಲ್ಲುವರೆ?” ಎಂದಳು. ನಮ್ಮ ಅತ್ತೆ ಗಂಡನನ್ನು ಕಳೆದುಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಯಾವ ಮದುವೆಯಲ್ಲಿಯೂ ಅವರು ಅಡುಗೆಮನೆಯ ಬಾಗಿಲು ದಾಟಿದ್ದಿಲ್ಲ.

“ಮದುವಣಗಿತ್ತಿಯೇ ಕರೆದರೆ ಬಂದಾರು” ಎಂದೆ.

ಅವಳು ಆಗಲೇ ಎದ್ದುಹೋಗಿ ಕರೆದಳು. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವ ಸೀರೆ ಉಡಲಿ ಎಂದು ಕೇಳಿದರಂತೆ.