ಬ್ಯಾಕೋಡಿನ ಜಗಲಿಯಲ್ಲಿ ಜಪಾನೀ ಮಾತು

ಸಾಗರದಿಂದ ಆವಿನಹಳ್ಳಿ ಮಾರ್ಗವಾಗಿ ಹೊರಟರೆ ಅಂಬಾರಗೋಡ್ಲು ಸಿಗುತ್ತದೆ. ಅದರಾಚೆ ಕಣ್ಣು ಹಾಯುವಷ್ಟು ದೂರ ಶರಾವತಿಯ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಸಾಗರಕ್ಕೆ ಬರಬೇಕೆಂದರೆ ಆಚೆ ದಡದವರಿಗೆ ಲಾಂಚೇ ಗತಿಯಾಗಿತ್ತು. ಹೆರಿಗೆ ನೋವು ಬಂದರೂ ಲಾಂಚಿಗೇ ಕಾಯಬೇಕು! 2025ರ ಜುಲೈಯಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಈಗ ಕಳಸವಳ್ಳಿ, ತುಮರಿ ದಾಟಿ ಬ್ಯಾಕೋಡಿಗೆ ನೇರ ಹೋಗಬಹುದು. ಸಿಗಂದೂರಿಗೆ ಬಂದವರು ಸಾಮಾನ್ಯವಾಗಿ ದೇವಿಯ ದರ್ಶನ ಮುಗಿಸಿ ಹಿಂದಿರುಗಿಬಿಡುತ್ತಾರೆ. ಸ್ವಲ್ಪ ಮುಂದೆ ಹೋಗಿ ನೋಡಿ ಸೋದರಿಯರೇ, ಅಡಿಕೆ ತೋಟ, ಕಾಡು, ತಂಪು ಗಾಳಿ ಎಲ್ಲವೂ ಇದೆ.

ನಮ್ಮ ನೆಂಟರ ಮನೆಗೆ ನಾನು ಹೋದದ್ದು ಅಡಿಕೆ ಸುಲಿಯುವ ಕಾಲದಲ್ಲಿ. ಒಳಗೆ ಕಾಲಿಟ್ಟೊಡನೆ “ಆಸ್ರಿಗೆ ಬೇಕಾ?” ಎಂಬ ಉಪಚಾರ. ಬಯಲುಸೀಮೆಯ ಕಿವಿಗೆ ಹವ್ಯಕರ ಮಾತು ಮೊದಮೊದಲು ತಿಳಿಯೋದಿಲ್ಲ. ಎದುರಿಗೆ ಲೋಟ ಬಂದಾಗ, ಕುಡಿಯೋಕೆ ಏನಾದರೂ ಬೇಕಾ ಅಂತ ಕೇಳಿದ್ದು ಅನ್ನೋದು ಅರ್ಥವಾಗುತ್ತದೆ. ಯಾವ ಭಾಷೆಯಾದರೂ ಕಿವಿಗೆ ಹತ್ತುವುದು ಹೀಗೇ ಅಲ್ಲವೇ?

ರಾತ್ರಿ ಜಗಲಿಯಲ್ಲಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕುಳಿತರು. ಆ ಮನೆಯ ಮಗಳು ಮೊಬೈಲಿನಲ್ಲಿ ಜಪಾನೀ ಸಂಭಾಷಣೆ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದಳು. ನರ್ಸಿಂಗ್ ಓದಿದ ಹುಡುಗಿ. ಜಪಾನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವ ಆಸೆ. 2021ರಲ್ಲಿ ನಮ್ಮ ದೇಶಕ್ಕೂ ಜಪಾನಿಗೂ ಆದ ಒಪ್ಪಂದದಿಂದ ಇಂಥ ಕೆಲಸಗಳಿಗೆ ದಾರಿ ತೆರೆದಿದೆ. ಆದರೆ ಭಾಷೆಯ ಪರೀಕ್ಷೆ ಪಾಸಾಗಬೇಕು. ಜೆ.ಎಲ್.ಪಿ.ಟಿ. ಪರೀಕ್ಷೆಯ ಎನ್-4 ಹಂತದಲ್ಲಿ ಒಟ್ಟು 180 ಅಂಕ, ಪಾಸಾಗಲು 90. ಕೇಳಿ ಉತ್ತರಿಸುವ ಭಾಗಕ್ಕೇ 60. ಅದರಲ್ಲಿ 19 ಬಾರದಿದ್ದರೆ ಉಳಿದದ್ದರಲ್ಲಿ ಎಷ್ಟು ತೆಗೆದರೂ ಫೇಲು. ಧ್ವನಿಯನ್ನು ಒಂದೇ ಸಲ ಹಾಕುತ್ತಾರೆ. “ಅತ್ತೆ, ಓದಿದ್ರೆ ಎಲ್ಲಾ ಗೊತ್ತಾಗ್ತದೆ. ಕೇಳಿದ್ರೆ ಹೊಳೆ ಹರಿದ ಹಾಗೆ ಹೋಗಿಬಿಡ್ತದೆ” ಅಂದಳು. ಹಿಂದಿನ ಸಲ ಆ ಭಾಗವೇ ಅವಳ ಕೈಕೊಟ್ಟಿತ್ತು.

ಈಗ ಅವಳ ಕ್ರಮ ಕೇಳಿ. ಸಿಗ್ನಲ್ ಸಿಕ್ಕಾಗ ಪಾಠಗಳನ್ನು ಇಳಿಸಿಟ್ಟುಕೊಳ್ಳುತ್ತಾಳೆ. ಒಂದೆರಡು ನಿಮಿಷದ ತುಣುಕು ಸಾಕು. ಮೊದಲ ಸಲ ಪುಸ್ತಕ ಮುಚ್ಚಿ, ಯಾರು, ಎಲ್ಲಿ, ಯಾವಾಗ ಅನ್ನುವುದಷ್ಟನ್ನೇ ಹಿಡಿಯುವುದು. ಎರಡನೆಯ ಸಲ ಬಿಟ್ಟುಹೋದ ಮಾತುಗಳಿಗೆ ಕಿವಿಗೊಡುವುದು. ಆಮೇಲೆ ಬರಹ ನೋಡಿ, ಎಲ್ಲಿ ತಪ್ಪಿತು ಎಂದು ಗುರುತು ಹಾಕುವುದು. ಕೊನೆಗೆ ಧ್ವನಿಯ ಬೆನ್ನಿಗೇ ತಾನೂ ಗಟ್ಟಿಯಾಗಿ ಹೇಳುವುದು. ಮರುದಿನ ಅದೇ ತುಣುಕು ಮತ್ತೊಮ್ಮೆ.

ಪುಸ್ತಕದಲ್ಲಿ ‘ದೆಸು’ ಎಂದಿದ್ದರೂ ಬಾಯಲ್ಲಿ ‘ದೆಸ್’ ಆಗುತ್ತದಂತೆ. ನಾವು ಬರೆಯುವುದು ‘ಹೋಗುತ್ತೇನೆ’, ಆಡುವುದು ‘ಹೋಗ್ತೀನಿ’, ಹಾಗೇ ಅನ್ನಿ.

ನಿಜ ಹೇಳಬೇಕೆಂದರೆ ಕನ್ನಡದ ಕಿವಿಗೆ ಇದು ಅಷ್ಟೇನೂ ಪರಕೀಯವಲ್ಲ. ನಮ್ಮಂತೆ ಅಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ, ಆದ್ದರಿಂದ ಮಾತು ಮುಗಿಯುವ ತನಕ ಕಾಯಬೇಕು. ಹ್ರಸ್ವ-ದೀರ್ಘ, ಒತ್ತಕ್ಷರಗಳ ವ್ಯತ್ಯಾಸವೂ ಉಂಟು. ‘ಒಬಸಾನ್’ ಎಂದರೆ ಅತ್ತೆ-ಚಿಕ್ಕಮ್ಮ, ‘ಒಬಾಸಾನ್’ ಅಜ್ಜಿ. ‘ಯೊಕ್ಕ’ ತಿಂಗಳ 4ನೇ ತಾರೀಖು, ‘ಯೋಕ’ 8ನೇ ತಾರೀಖು. ಡಾಕ್ಟರ ಬಳಿ ಕರೆದೊಯ್ಯುವ ದಿನವೇ ಅದಲುಬದಲಾದರೆ ಗತಿಯೇನು? ನೋವಿಗೂ ಬಗೆಬಗೆಯ ಮಾತು: ‘ಜುಕಿಜುಕಿ’ ಎಂದರೆ ಸಿಡಿಯುವ ನೋವು, ‘ಚಿಕುಚಿಕು’ ಚುಚ್ಚುವ ನೋವು. ಕಾಲು ಜುಮುಜುಮು ಅನ್ನುತ್ತೆ ಅಂತ ನಮ್ಮ ಅಜ್ಜಿಯರು ಹೇಳೋದಿಲ್ಲವೇ, ಹಾಗೆ. ಹಾಸಿಗೆ ಹಿಡಿದ ಮುದುಕಿ ಮೆಲ್ಲಗೆ ಇಷ್ಟು ಅಂದಾಗ ತಿಳಿಯದಿದ್ದರೆ ಸರ್ಟಿಫಿಕೇಟು ಇದ್ದೂ ಏನು ಫಲ?

ಇನ್ನೊಂದು ವಿಶೇಷ. ಎದುರಿನವರು ಮಾತಾಡುವಾಗ ಜಪಾನೀಯರು ನಡುನಡುವೆ ‘ಹಾಯ್, ಹಾಯ್’ ಅನ್ನುತ್ತಾರೆ. ಒಪ್ಪಿದೆ ಅಂತಲೇ ಅಲ್ಲ, ಕೇಳ್ತಾ ಇದ್ದೇನೆ ಅಂತ. ಜಗಲಿಯಲ್ಲಿ ಅಜ್ಜಿ ಕಥೆ ಹೇಳುವಾಗ ನಾವೆಲ್ಲ ‘ಹೂಂ, ಹೂಂ’ ಅನ್ನುತ್ತಿದ್ದಂತೆ!

ನಿಮ್ಮ ಮನೆಯಲ್ಲೂ ಭಾಷೆ ಕಲಿಯುವ ಮಕ್ಕಳಿದ್ದರೆ ಪುಸ್ತಕದ ಮುಂದಷ್ಟೇ ಕೂರಿಸಬೇಡಿ. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಿಸುವಾಗ ಕಿವಿ ಖಾಲಿ ಇರುತ್ತದಲ್ಲ, ಕೇಳಿದ ಪಾಠವನ್ನು ಆಗ ಮತ್ತೆ ಹಾಕಿಕೊಳ್ಳಲಿ. ಕೇಳಿದ್ದೇನು ಅಂತ ಕನ್ನಡದಲ್ಲಿ ನಿಮಗೆ ಹೇಳಲಿ; ನಿಮಗೆ ಆ ಭಾಷೆ ಬಾರದಿದ್ದರೂ ಚಿಂತೆಯಿಲ್ಲ. ಬ್ಯಾಕೋಡಿನ ಆ ತಾಯಿ ಮಾಡುತ್ತಿರುವುದೂ ಅಷ್ಟೇ. ಮಗಳು ಹೇಳುತ್ತಾಳೆ, ಅಮ್ಮ ಅಡಿಕೆ ಸುಲಿಯುತ್ತಾ ಹೂಂಗುಡುತ್ತಾಳೆ.