ಬಿದ್ದ ಜಾಗ, ಪೆಟ್ಟು ತಿಂದ ಜಾಗ

ಎರರ್ ಲಾಗಿನಲ್ಲಿ 'ಸಿಗ್ನಲ್ 11' ಕಂಡ ದಿನ ನನಗೆ ಹಬ್ಬ. ತನ್ನದಲ್ಲದ ಮೆಮೊರಿಗೆ ಕೈಹಾಕಿದ ಪ್ರೊಸೆಸ್ಸನ್ನು ಕರ್ನಲ್ ನಿಂತಲ್ಲೇ ಮುಗಿಸಿದೆ ಎಂದರ್ಥ. ಸೈಟ್ ನೋಡುತ್ತಿರುವ ಹೆಚ್ಚಿನವರಿಗೆ ಇದು ತಿಳಿಯುವುದೂ ಇಲ್ಲ. ಎಂಜಿನ್‌ಎಕ್ಸ್ ವೆಬ್ ಸರ್ವರಿನಲ್ಲಿ ಒಂದು ವರ್ಕರ್ ಪ್ರೊಸೆಸ್ ಸತ್ತರೆ ಮಾಸ್ಟರ್ ಪ್ರೊಸೆಸ್ ತಕ್ಷಣ ಇನ್ನೊಂದನ್ನು ಎಬ್ಬಿಸುತ್ತದೆ. ಸತ್ತದ್ದರ ಕೈಯಲ್ಲಿದ್ದ ಕನೆಕ್ಷನ್‌ಗಳಷ್ಟೇ ಕಡಿದುಹೋಗುತ್ತವೆ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗಿ ಕೇಳುತ್ತಾಳೆ, "ಅಂಕಲ್, ತಾನಾಗೇ ಎದ್ದೇಳುತ್ತಲ್ಲ, ಮತ್ಯಾಕೆ ತಲೆ ಕೆಡಿಸ್ಕೊಳ್ತೀರಾ?" "ಬಾಮ್ಮ, ಕೂತ್ಕೊ" ಎಂದು ಕೋರ್ ಫೈಲ್ ತೆರೆದು ತೋರಿಸುತ್ತೇನೆ.

ಸಾಯುವ ಗಳಿಗೆಯಲ್ಲಿ ಪ್ರೊಸೆಸ್ಸಿನ ಮೆಮೊರಿ ಹೇಗಿತ್ತೋ ಹಾಗೇ ಡಿಸ್ಕಿಗೆ ಇಳಿದ ಪ್ರತಿ ಅದು. ಜಿಡಿಬಿ ಎಂಬ ಡಿಬಗರಿನಲ್ಲಿ 'ಬಿಟಿ' ಒತ್ತಿದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಣಿ ಬಿಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮೇಲಿನ ಸಾಲು ಬಿದ್ದ ಜಾಗ. ಪೆಟ್ಟು ತಿಂದ ಜಾಗ ಬೇರೆ. ಬಹಳ ಸಲ ಅದು ಆ ಸರಣಿಯಲ್ಲೇ ಇರುವುದಿಲ್ಲ. ಇವೆರಡರ ನಡುವಿನ ದಾರಿಯೇ ನನ್ನನ್ನು ಹಿಡಿದು ಕೂರಿಸುವುದು.

ಒಂದು ಹೊರಗಿನ ಮಾಡ್ಯೂಲ್ ನೆನಪಾಗುತ್ತದೆ. ಬ್ರೌಸರಿನಿಂದ ಹೋದರೆ ವರ್ಕರ್ ಬೀಳುತ್ತಿತ್ತು, ಕರ್ಲ್ ಎಂಬ ಕಮಾಂಡ್ ಸಾಲಿನ ಸಾಧನದಿಂದ ಕೇಳಿದರೆ ತಣ್ಣಗೆ ಉತ್ತರ ಕೊಡುತ್ತಿತ್ತು. ಕೋರ್ ಫೈಲಿನಲ್ಲಿ ಮಾಡ್ಯೂಲಿನ ಪಾಯಿಂಟರ್ ತೋರಿಸುತ್ತಿದ್ದ ಕಡೆ ಇಣುಕಿದರೆ ಅಲ್ಲಿ ಯಾವುದೋ ಕುಕ್ಕಿಯ ತುಣುಕು! ಮೈಸೂರಿನ ಸರಸ್ವತಿಪುರಂನಿಂದ ಹೊರಟು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅದನ್ನೇ ಮೆಲುಕು ಹಾಕುತ್ತ ನಡೆದೆ. ಈ ಮೆಮೊರಿ ಯಾರದು, ಎಲ್ಲಿಯತನಕ ಅವರದು? ಎಂಜಿನ್‌ಎಕ್ಸ್‌ನಲ್ಲಿ ಪ್ರತಿ ರಿಕ್ವೆಸ್ಟಿಗೂ ಒಂದು ಮೆಮೊರಿ ಪೂಲ್. ರಿಕ್ವೆಸ್ಟ್ ಮುಗಿದೊಡನೆ ಅದೂ ಮುಗಿಯಿತು. ಕನೆಕ್ಷನ್ನಿನ ಪೂಲ್ ಮಾತ್ರ ಕನೆಕ್ಷನ್ ಮುಚ್ಚುವವರೆಗೆ ಬದುಕಿರುತ್ತದೆ. ಮಾಡ್ಯೂಲ್ ಮೊದಲನೆಯದರಲ್ಲಿ ಜಾಗ ಪಡೆದು ಅದರ ವಿಳಾಸವನ್ನು ಕನೆಕ್ಷನ್ನಿನ ಬಳಿ ಬರೆದಿಟ್ಟಿತ್ತು. ಕೀಪ್-ಅಲೈವ್ ಇರುವುದರಿಂದ ಬ್ರೌಸರ್ ಅದೇ ಕನೆಕ್ಷನ್ನಿನಲ್ಲಿ ಮತ್ತೆ ಕೇಳುತ್ತದೆ. ಅಷ್ಟರಲ್ಲಿ ಆ ಜಾಗ ಬೇರೆಯವರ ಪಾಲು. ಮನೆಗೆ ಬಂದು ಕರ್ಲ್‌ಗೆ ಒಂದೇ ಸಾಲಿನಲ್ಲಿ ಅದೇ ಸರ್ವರಿನ ಎರಡು ಯುಆರ್‌ಎಲ್ ಕೊಟ್ಟೆ. ಆಗ ಅದೂ ಒಂದೇ ಕನೆಕ್ಷನ್ ಬಳಸುತ್ತದೆ. ಬಿತ್ತು! ಬೇಕೆಂದಾಗ ಬೀಳಿಸಲು ಬಂತೆಂದರೆ ಅರ್ಧ ಕೆಲಸ ಆದಂತೆ. ಪೂಲಿನ ಡಿಬಗ್ ಆಯ್ಕೆ ಹಾಕಿ ಕಂಪೈಲ್ ಮಾಡಿ ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಚ್ಚಿದೆ. ಜಾಗ ಪಡೆದ ಸಾಲು, ಬಿಟ್ಟ ಸಾಲು, ಬಿಟ್ಟ ಮೇಲೂ ಮುಟ್ಟಿದ ಸಾಲು ಮೂರೂ ಒಟ್ಟಿಗೆ ಬಂದವು.

ಸೋರ್ಸ್ ಮುಚ್ಚಿಟ್ಟ ಸಾಫ್ಟ್‌ವೇರಾಗಿದ್ದರೆ ನಾನು ಹೆಸರಿಲ್ಲದ ಅಂಕಿಗಳೆದುರು ನಿಂತುಬಿಡಬೇಕಿತ್ತು. 2004ರಲ್ಲಿ ಇಗೊರ್ ಸಿಸೊಯೆವ್ ಹೊರಬಿಟ್ಟ ಈ ಸಿ ಕೋಡಿನೊಳಗೆ ಮೈಸೂರಿನಲ್ಲಿ ಕೂತೇ ಎಷ್ಟು ಆಳಕ್ಕಾದರೂ ಇಳಿಯಬಹುದು. 1995ರಲ್ಲಿ ಅಪಾಚೆ ವೆಬ್ ಸರ್ವರ್ ಬೆಳೆದು ನಿಂತದ್ದೂ ಎನ್‌ಸಿಎಸ್‌ಎ ಸರ್ವರ್ ಬಳಸುತ್ತಿದ್ದವರು ತಂತಮ್ಮ ಪ್ಯಾಚ್‌ಗಳನ್ನು ಹಂಚಿಕೊಂಡು ಒಂದುಗೂಡಿಸಿದ್ದರಿಂದ. ಆ ಪರಂಪರೆಗೆ ನನ್ನದೂ ನಾಲ್ಕು ಸಾಲು ಸೇರುವುದೆಂದರೆ ನನಗೆ ಸಣ್ಣ ಮಾತಲ್ಲ.

ಜಾಗವನ್ನು ಕನೆಕ್ಷನ್ನಿನ ಪೂಲಿನಿಂದ ಕೇಳುವಂತೆ ಮಾಡಲು ಒಂದೇ ಪದ ತಿದ್ದಿದರೆ ಸಾಕಿತ್ತು. ಆದರೆ ಆಗ ಪ್ರತಿ ರಿಕ್ವೆಸ್ಟಿಗೂ ಹೊಸ ಜಾಗ, ಕನೆಕ್ಷನ್ ಉಳಿದಷ್ಟು ಹೊತ್ತೂ ಮೆಮೊರಿ ಏರುತ್ತಲೇ ಇರುತ್ತದೆ. ಹಾಗಾಗಿ ಮೊದಲ ಸಲ ಮಾತ್ರ ಕೇಳುವಂತೆ ಷರತ್ತು ಹಾಕಿ, ಎರಡು ಯುಆರ್‌ಎಲ್‌ನ ಆ ಕರ್ಲ್ ಸಾಲನ್ನೂ ಪರೀಕ್ಷೆಯಾಗಿ ಜೋಡಿಸಿ ಪ್ಯಾಚ್ ಕಳಿಸಿದೆ.